ಕರಾವಳಿಯ ಇಗರ್ಜಿಗಳು: ಮಂಗಳೂರಿನ ಕಥೋಲಿಕ ಧರ್ಮಕೇಂದ್ರಗಳು ಬೆಳೆದ ಬಗೆ

ಮಂಗಳೂರು ಸೀಮೆಯ ಕಥೋಲಿಕ ಸಮುದಾಯದ ಬಹುಪಾಲು ಗೋವೆಯಿಂದ ವಲಸೆ ಬಂದ ಕೊಂಕಣಿ ಮಾತಿನ ರೈತರಿಂದ ಬೆಳೆದದ್ದು. 16ನೆಯ ಶತಮಾನದಿಂದ 18ನೆಯ ಶತಮಾನದವರೆಗೆ ಅವರು ತಂಡತಂಡವಾಗಿ ದಕ್ಷಿಣಕ್ಕೆ ಇಳಿದು, ತುಳು ಮಾತಾಡುವ ಊರುಗಳಲ್ಲಿ, ಕನ್ನಡದ ಅರಸರ ಆಳ್ವಿಕೆಯಲ್ಲಿ ನೆಲೆ ಕಂಡರು. ಹತ್ತಿಪ್ಪತ್ತು ಮನೆಗಳು ಒಂದೆಡೆ ಸೇರಿದರೆ ಅಲ್ಲೊಂದು ಶಿಲುಬೆ, ಆಮೇಲೆ ಮುಳಿಹುಲ್ಲಿನ ಪ್ರಾರ್ಥನಾ ಮಂದಿರ, ಪಾದ್ರಿ ಸಿಕ್ಕಿದ ಮೇಲೆ ಇಗರ್ಜಿ. ಕರಾವಳಿಯ ಹೆಚ್ಚಿನ ಧರ್ಮಕೇಂದ್ರಗಳು ಬೆಳೆದದ್ದು ಹೀಗೆಯೇ. ಹಡಗಿನಲ್ಲಿ ಬಂದ ಮಿಷನರಿಗಳು ಕೋಟೆಯೊಳಗೆ ಚರ್ಚು ಕಟ್ಟಿದ್ದು ನಿಜ. ಆದರೆ ಹಳ್ಳಿಗಳಲ್ಲಿ ಇಗರ್ಜಿಗಳನ್ನು ಕಟ್ಟಿ ಉಳಿಸಿದವರು ಗದ್ದೆ ಅರಸಿ ಬಂದ ಒಕ್ಕಲುಗಳು.

ಕೋಟೆಯ ಚರ್ಚು

ವಾಸ್ಕೋ ಡ ಗಾಮ 1498ರಲ್ಲಿ ಮಲ್ಪೆಯ ಬಳಿಯ ದ್ವೀಪವೊಂದರಲ್ಲಿ ಇಳಿದು ಅದಕ್ಕೆ ಸಂತ ಮರಿಯಳ ಹೆಸರಿಟ್ಟನೆಂಬುದು ಪ್ರತೀತಿ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. 1526ರಲ್ಲಿ ಅವರು ಮಂಗಳೂರಿನ ಮೇಲೆ ಹಿಡಿತ ಸಾಧಿಸಿದಾಗ, ಅವರ ಬೆನ್ನಿಗೇ ಬಂದ ಫ್ರಾನ್ಸಿಸ್ಕನ್ ಪಾದ್ರಿಗಳು ಇಲ್ಲಿ ಧರ್ಮಪ್ರಚಾರ ಆರಂಭಿಸಿದರು. 1568ರಲ್ಲಿ ಉಳ್ಳಾಲದ ರಾಣಿಯೊಂದಿಗಿನ ಕಾಳಗದ ನಂತರ ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆ ಎದ್ದಿತು. ಅದರ ಜತೆಯಲ್ಲಿ ಹುಟ್ಟಿದ್ದು ಜಪಮಾಲೆಯ ಮಾತೆಯ ಚರ್ಚು, ಅಂದರೆ ಇಂದಿನ ರೊಜಾರಿಯೊ. 1623ರಲ್ಲಿ ಮಂಗಳೂರು, ಉಳ್ಳಾಲ, ಇಕ್ಕೇರಿಗಳನ್ನು ಸುತ್ತಿದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸರ ಈ ಪುಟ್ಟ ನೆಲೆಯಲ್ಲಿದ್ದ ಚರ್ಚುಗಳನ್ನು ತನ್ನ ಬರಹದಲ್ಲಿ ಹೆಸರಿಸಿದ್ದಾನೆ.

ಈ ಚರ್ಚುಗಳು ಮುಖ್ಯವಾಗಿ ಸೈನಿಕರಿಗೆ, ವರ್ತಕರಿಗೆ, ಅವರ ಮನೆಮಂದಿಗೆ ಸೇರಿದ್ದವು. ಹಾಗಾಗಿ ಅವುಗಳ ಅಳಿವು ಉಳಿವು ಕೋಟೆಯ ಅಳಿವು ಉಳಿವಿಗೆ ಗಂಟುಬಿದ್ದಿತ್ತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಗಂಗೊಳ್ಳಿಗಳ ಕೋಟೆಗಳನ್ನು ಗೆದ್ದುಕೊಂಡು ಪೋರ್ಚುಗೀಸರನ್ನು ಕರಾವಳಿಯಿಂದ ಹೊರಗಟ್ಟಿದ. ಆದರೆ ಇಲ್ಲಿ ಬೇಸಾಯಕ್ಕೆ ನಿಂತಿದ್ದ ಕ್ರೈಸ್ತರು ಕೋಟೆಗಳ ಜತೆ ಕಾಲ್ತೆಗೆಯಲಿಲ್ಲ.

ಗೋವೆಯಿಂದ ಬಂದ ಒಕ್ಕಲುಗಳು

ಗೋವೆ ಬಿಡಲು ಕಾರಣಗಳು ಹಲವು. 1560ರಲ್ಲಿ ಆರಂಭವಾದ ಧರ್ಮವಿಚಾರಣಾ ನ್ಯಾಯಾಲಯವು ಮತಾಂತರಗೊಂಡವರು ಹಳೆಯ ಪದ್ಧತಿಗಳನ್ನು ಉಳಿಸಿಕೊಂಡಿದ್ದಾರೆಯೇ ಎಂದು ಮನೆಯೊಳಗೂ ಇಣುಕುತ್ತಿತ್ತು. ಕ್ಷಾಮ, ಸಾಂಕ್ರಾಮಿಕ ರೋಗ, ತೆರಿಗೆಯ ಭಾರ ಒಂದು ಕಡೆಯಾದರೆ ಯುದ್ಧಗಳು ಇನ್ನೊಂದು ಕಡೆ. 1683ರಲ್ಲಿ ಸಂಭಾಜಿಯ ದಂಡು ಗೋವೆಗೆ ನುಗ್ಗಿತು. 1730ರ ದಶಕದ ಕೊನೆಯಲ್ಲಿ ಮರಾಠರೊಂದಿಗೆ ಮತ್ತೆ ಯುದ್ಧವಾಯಿತು. ಪ್ರತಿಯೊಂದು ಸಂಕಟದ ಬೆನ್ನಿಗೂ ಬಾರ್ದೆಸ್, ಸಾಷ್ಟಿ ಸೀಮೆಗಳಿಂದ ಜನ ದಕ್ಷಿಣದ ದಾರಿ ಹಿಡಿದರು.

ಕೆಳದಿಯ ಅರಸರಿಗೆ ಇವರು ಬೇಕಾದ ಜನ. ಭತ್ತದ ಬೇಸಾಯದಲ್ಲಿ ಪಳಗಿದ ಕೈಗಳು ಬೀಳುಬಿದ್ದ ನೆಲವನ್ನು ಗದ್ದೆ ಮಾಡಿದರೆ ಬೊಕ್ಕಸಕ್ಕೆ ಕಂದಾಯ ಬರುತ್ತಿತ್ತು. ಬಸರೂರು, ಮಂಗಳೂರು ಬಂದರುಗಳಿಂದ ಹೊರಡುವ ಅಕ್ಕಿಯ ಮೇಲೆ ಗೋವೆಯ ಊಟ ನಿಂತಿತ್ತು. ಆದ್ದರಿಂದ ಪೋರ್ಚುಗೀಸರಿಗೂ ಕೆಳದಿಗೂ ಎಷ್ಟೇ ಜಗಳವಾದರೂ ಅಕ್ಕಿಗಾಗಿ ಮತ್ತೆ ಮತ್ತೆ ಸಂಧಿ ಆಗಲೇಬೇಕಿತ್ತು. ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, 1678ರಲ್ಲಿ ಆದ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರ ಮೊದಲಾದ ಕಡೆ ಚರ್ಚು ಕಟ್ಟಲು ಅನುಮತಿ ದೊರೆಯಿತು. ಒಕ್ಕಲುಗಳು ಒಂದೆಡೆ ನೆಲೆನಿಲ್ಲಬೇಕಾದರೆ ಅವರ ಮದುವೆ, ಜ್ಞಾನಸ್ನಾನ, ಶವಸಂಸ್ಕಾರಗಳಿಗೆ ಹತ್ತಿರದಲ್ಲೇ ಪಾದ್ರಿ ಇರಬೇಕೆಂಬ ಲೆಕ್ಕಾಚಾರವೂ ಇದರ ಹಿಂದೆ ಇದ್ದಿರಬೇಕು.

ಬಂದವರು ತಮ್ಮ ಬದುಕಿನ ಕ್ರಮವನ್ನು ಪೂರ್ತಿ ಬಿಟ್ಟು ಬರಲಿಲ್ಲ. ಕೊಂಕಣಿ ಮಾತು, ಮದುವೆಯ ಶಾಸ್ತ್ರಗಳು, ಊಟದ ರೂಢಿಗಳ ಜತೆಗೆ ಜಾತಿಯ ನೆನಪೂ ಬಂತು. ಬಾಮಣ, ಚಾರೊಡಿ, ಶುದಿರ್ ಎಂಬ ವಿಂಗಡಣೆ ಸಂಬಂಧ ಬೆಳೆಸುವಾಗ ಬಹುಕಾಲ ಎಣಿಕೆಗೆ ಬರುತ್ತಿತ್ತು.

ಮಿಲಾಗ್ರಿಸ್ ಮತ್ತು ಜೋಸೆಫ್ ವಾಜ್

ಪೋರ್ಚುಗಲ್ಲಿನ ಅರಸನಿಗೆ ಪೂರ್ವ ದೇಶಗಳ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕನ್ನು ಪೋಪರು ಹಿಂದೆಯೇ ಕೊಟ್ಟಿದ್ದರು. ಇದಕ್ಕೆ ಪದ್ರೊವಾದೊ ಎಂದು ಹೆಸರು. ಪೋರ್ಚುಗಲ್ಲಿನ ಶಕ್ತಿ ಕುಗ್ಗಿದಂತೆ ರೋಮ್ 1622ರಲ್ಲಿ ಪ್ರೊಪಗಾಂಡ ಎಂಬ ತನ್ನದೇ ಇಲಾಖೆಯನ್ನು ತೆರೆದು, ಅದರ ಮೂಲಕ ನೇರವಾಗಿ ಧರ್ಮಾಧ್ಯಕ್ಷರನ್ನು ಕಳಿಸತೊಡಗಿತು. ಎರಡು ಅಧಿಕಾರಗಳ ಈ ತಿಕ್ಕಾಟ ಕೆನರಾ ಎಂದು ಕರೆಯುತ್ತಿದ್ದ ಈ ಕರಾವಳಿಯ ಇಗರ್ಜಿಗಳನ್ನು ಸುಮಾರು ಎರಡು ಶತಮಾನ ಕಾಡಿತು.

ಹಾಗೆ ರೋಮಿನಿಂದ ನೇಮಕಗೊಂಡು ಬಂದವರು ಥೊಮಸ್ ದ ಕಾಸ್ತ್ರೊ. ಇವರು ಗೋವೆಯವರೇ, ಥಿಯಾಟಿನ್ ಸಭೆಗೆ ಸೇರಿದವರು. 1680ರಲ್ಲಿ ಅವರು ಮಂಗಳೂರಿನಲ್ಲಿ ಮಿಲಾಗ್ರಿಸ್ ಚರ್ಚನ್ನು ಕಟ್ಟಿಸಿದರು. ಇಂದು ಹಂಪನಕಟ್ಟೆಯ ಗದ್ದಲದ ನಡುವೆ ನಿಂತಿರುವ ಚರ್ಚಿನ ಮೂಲ ಇದೇ. 1684ರಲ್ಲಿ ತೀರಿಕೊಂಡ ಕಾಸ್ತ್ರೊ ಅವರನ್ನು ಅಲ್ಲಿಯೇ ಸಮಾಧಿ ಮಾಡಲಾಯಿತು. ಮುಂದೆ ಕಟ್ಟಡ ನೆಲಸಮವಾಗಿ ಮತ್ತೆ ಎದ್ದರೂ ಈ ಸಮಾಧಿಯ ಗುರುತು ಉಳಿದು ಬಂದಿದೆ.

ಗೋವೆಯ ಆರ್ಚ್‌ಬಿಷಪರು ಕಾಸ್ತ್ರೊ ಅವರ ಅಧಿಕಾರವನ್ನು ಒಪ್ಪಲಿಲ್ಲ. ಕ್ರೈಸ್ತರು ಎರಡು ಪಾಳೆಯಗಳಾದರು. ಈ ಬಿಕ್ಕಟ್ಟಿನ ನಡುವೆ 1681ರಲ್ಲಿ ಗೋವೆಯ ಕಡೆಯಿಂದ ಕೆನರಾದ ಪಾದ್ರಿಗಳ ಮುಖ್ಯಸ್ಥರಾಗಿ ಬಂದವರು ಜೋಸೆಫ್ ವಾಜ್. 1651ರಲ್ಲಿ ಗೋವೆಯ ಬೆನಾವ್ಲಿಯಲ್ಲಿ ಹುಟ್ಟಿದ, ಮೂವತ್ತು ತುಂಬಿದ ತರುಣ ಪಾದ್ರಿ. ಅವರು ಹಟಕ್ಕೆ ಬೀಳದೆ ಕಾಸ್ತ್ರೊ ಅವರನ್ನು ಕಂಡು ಮಾತಾಡಿ, ಜನರ ಸಂಸ್ಕಾರಗಳಿಗೆ ಅಡ್ಡಿಯಾಗದಂತೆ ದಾರಿ ಮಾಡಿಕೊಂಡರು. ಮೂರು ವರ್ಷ ಮಂಗಳೂರಿನಿಂದ ಗಂಗೊಳ್ಳಿಯವರೆಗೆ ಕಾಲ್ನಡಿಗೆಯಲ್ಲಿ ತಿರುಗಿ, ಚದುರಿ ಹೋಗಿದ್ದ ಕುಟುಂಬಗಳನ್ನು ಒಟ್ಟುಗೂಡಿಸಿದರು. ಕುಂದಾಪುರ, ಕಲ್ಯಾಣಪುರಗಳ ಚರ್ಚುಗಳು ಇಂದಿಗೂ ಅವರ ನೆನಪನ್ನು ಹೇಳಿಕೊಳ್ಳುತ್ತವೆ. ಮುಡಿಪುವಿನ ಗುಡ್ಡದಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. 1684ರಲ್ಲಿ ಗೋವೆಗೆ ಮರಳಿದ ವಾಜ್, ಮುಂದೆ ಡಚ್ಚರ ನಿರ್ಬಂಧವಿದ್ದ ಸಿಲೋನಿಗೆ ಗುಟ್ಟಾಗಿ ಹೋಗಿ, 1711ರಲ್ಲಿ ಕ್ಯಾಂಡಿಯಲ್ಲಿ ನಿಧನರಾದರು. 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಗುರಿಕಾರರ ವ್ಯವಸ್ಥೆ

ಪಾದ್ರಿಗಳು ಕಡಿಮೆ, ಊರುಗಳು ದೂರ, ಮಳೆಗಾಲದಲ್ಲಿ ಹೊಳೆ ದಾಟುವುದೇ ಕಷ್ಟ. ಹಾಗಾಗಿ ಧರ್ಮಕೇಂದ್ರದ ದಿನನಿತ್ಯದ ಭಾರ ಊರವರ ಮೇಲೆಯೇ ಇತ್ತು. ಒಂದೊಂದು ಧರ್ಮಕೇಂದ್ರವೂ ವಾಳೆಗಳೆಂಬ ಮನೆಗುಂಪುಗಳಾಗಿ ಹಂಚಿಹೋಗಿತ್ತು. ವಾಳೆಗೊಬ್ಬ ಗುರಿಕಾರ, ಕೊಂಕಣಿಯಲ್ಲಿ ಗುರ್ಕಾರ್. ಒಳ್ಳೆಯ ನಡತೆಯ, ಮಾತಿಗೆ ತೂಕವಿದ್ದ ಹಿರಿಯನನ್ನು ಈ ಹೊಣೆಗೆ ಆರಿಸುತ್ತಿದ್ದರು. ಬೇಲಿ ಜಗಳ, ಮದುವೆಯ ಮಾತುಕತೆ, ಸಾವಿನ ಮನೆಯ ಏರ್ಪಾಡು, ಇಗರ್ಜಿಯ ಪಾಲಿನ ಅಕ್ಕಿ ಕಾಯಿಗಳ ವಸೂಲಿ ಎಲ್ಲವೂ ಅವನ ಮೂಲಕ ನಡೆಯಬೇಕು. ಸಾಯುವವರಿಗೆ ಪಾದ್ರಿಯನ್ನು ಕರೆತರಲು ಆಳು ಕಳಿಸುವವನೂ ಅವನೇ, ಪಾದ್ರಿ ಬಾರದಿದ್ದರೆ ಪ್ರಾರ್ಥನೆ ಹೇಳಿಸುವವನೂ ಅವನೇ.

ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಪ್ರವಚನ, ಧರ್ಮೋಪದೇಶಗಳು ಮಾತ್ರ ಕೊಂಕಣಿಯಲ್ಲಿ. ಸಂಜೆ ಮನೆಮಂದಿಯೆಲ್ಲ ದೇವರ ಪೀಠದ ಎದುರು ಮೊಣಕಾಲೂರಿ ಜಪಮಾಲೆ ಹೇಳುವುದು, ಮುಗಿದ ಕೂಡಲೇ ಕಿರಿಯರು ಹಿರಿಯರ ಬಳಿ ಹೋಗಿ ಆಶೀರ್ವಾದ ಬೇಡುವುದು ಪ್ರತಿ ಮನೆಯ ರೂಢಿ. ವರ್ಷಕ್ಕೆ ಕೆಲವೇ ಸಲ ಪಾದ್ರಿಯ ಮುಖ ಕಾಣುತ್ತಿದ್ದ ಮನೆಗಳಲ್ಲಿ ನಂಬಿಕೆ ತಲೆಮಾರಿನಿಂದ ತಲೆಮಾರಿಗೆ ದಾಟಿದ್ದು ಈ ಸಂಜೆಯ ಪ್ರಾರ್ಥನೆಯಿಂದ.

ಕೆಳದಿ ಸಂಸ್ಥಾನ 1763ರಲ್ಲಿ ಹೈದರಾಲಿಯ ವಶವಾಗುವ ಹೊತ್ತಿಗೆ ಕರಾವಳಿಯುದ್ದಕ್ಕೂ, ಒಳನಾಡಿನ ಹಳ್ಳಿಗಳಲ್ಲೂ ಇಗರ್ಜಿಗಳು ಹಬ್ಬಿದ್ದವು. ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಚರ್ಚು 1759ರಲ್ಲಿ ಆರಂಭವಾದದ್ದು ಈ ಹರಹಿಗೆ ಒಂದು ನಿದರ್ಶನ.

ಸೆರೆಯ ಹದಿನೈದು ವರ್ಷ

ಎರಡನೆಯ ಮೈಸೂರು ಯುದ್ಧದಲ್ಲಿ ಮಂಗಳೂರು ಕೋಟೆ ಇಂಗ್ಲಿಷರ ಕೈಸೇರಿತ್ತು. ತಿಂಗಳುಗಟ್ಟಲೆ ಮುತ್ತಿಗೆಯ ನಂತರ 1784ರ ಜನವರಿ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಅದನ್ನು ಮರಳಿ ಪಡೆದ. ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲೆ ಬಿದ್ದ ಆರೋಪ. ಪರಂಪರೆಯ ನೆನಪಿನಂತೆ, ಆ ವರ್ಷದ ಫೆಬ್ರವರಿ 24ರಂದು, ತಪಸ್ಸು ಕಾಲ ತೊಡಗುವ ವಿಭೂತಿ ಬುಧವಾರದ ಸಮಯದಲ್ಲಿ, ಕೆನರಾದ ಕಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಸೆರೆಯಾದವರ ಸಂಖ್ಯೆಯನ್ನು 30 ಸಾವಿರದಿಂದ 80 ಸಾವಿರದವರೆಗೆ ಬೇರೆ ಬೇರೆ ಬರಹಗಳು ಹೇಳುತ್ತವೆ. ಘಟ್ಟ ಹತ್ತಿ ನೂರಾರು ಮೈಲು ನಡೆಯಬೇಕಾದ ಆ ದಾರಿಯಲ್ಲೇ ಬಹಳ ಜನ ಸತ್ತರು. ಉಳಿದವರಲ್ಲಿ ಅನೇಕರನ್ನು ಮತಾಂತರಿಸಿ ಸೈನ್ಯಕ್ಕೆ ಸೇರಿಸಲಾಯಿತು. ಪಾದ್ರಿಗಳನ್ನು ನಾಡಿನಿಂದ ಹೊರಹಾಕಲಾಯಿತು. ಆಸ್ತಿ ಮುಟ್ಟುಗೋಲಾಯಿತು.

ಮಿಲಾಗ್ರಿಸ್, ರೊಜಾರಿಯೊ, ಅತ್ತೂರು ಸೇರಿ 27 ಚರ್ಚುಗಳು ನೆಲಸಮವಾದವೆಂಬುದು ಚರ್ಚಿನ ಇತಿಹಾಸಗಳು ಕೊಡುವ ಲೆಕ್ಕ. ಮೂಡುಬಿದಿರೆಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಚರ್ಚು ಮಾತ್ರ ಉಳಿಯಿತು. ಅಲ್ಲಿನ ಜೈನ ಅರಸ ಚೌಟನು ಅಡ್ಡಬಂದು ಉಳಿಸಿಕೊಂಡನೆಂದು ಆ ಊರು ನೆನೆಯುತ್ತದೆ.

ತಪ್ಪಿಸಿಕೊಂಡವರು ಮಲಬಾರಿನ ಕಡೆಗೂ ಕೊಡಗಿನ ಕಡೆಗೂ ಓಡಿದರು. ಕೊಡಗಿನ ದೊಡ್ಡ ವೀರರಾಜೇಂದ್ರ 1792ರಲ್ಲಿ ತನ್ನ ಹೆಸರಿನಲ್ಲಿ ಕಟ್ಟಿಸಿದ ವಿರಾಜಪೇಟೆಯಲ್ಲಿ ಇವರಿಗೆ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನವರ ಚರ್ಚು ಹುಟ್ಟಿದ್ದು ಈ ನಿರಾಶ್ರಿತರಿಂದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಉಳಿದವರು ಬಿಡುಗಡೆಯಾದರು. ಮೈಸೂರು ಸೀಮೆಯಲ್ಲಿ ಉಳಿದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವ ಕೆಲಸ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅವರದಾಯಿತು. ಬಾಕಿಯವರು ಘಟ್ಟ ಇಳಿದರು.

ಎರಡನೆಯ ಬಾರಿ ಕಟ್ಟಿದ್ದು

ಮರಳಿದವರಿಗೆ ಕಂಡದ್ದು ಬೇರೆಯವರು ಉಳುತ್ತಿದ್ದ ಗದ್ದೆ, ಕಲ್ಲಿನ ರಾಶಿಯಾಗಿದ್ದ ಇಗರ್ಜಿ. ಹದಿನೈದು ವರ್ಷದ ಹಿಂದಿನ ಒಕ್ಕಲುತನವನ್ನು ಸಾಬೀತು ಮಾಡುವುದು ಸುಲಭವಿರಲಿಲ್ಲ. ಕಂಪನಿ ಸರಕಾರದ ಮೊದಲ ಕಲೆಕ್ಟರರಾದ ಥಾಮಸ್ ಮನ್ರೋ, ಅವರ ನಂತರ ರಾವೆನ್‌ಶಾ ಕಾಲದಲ್ಲಿ ಹಲವರಿಗೆ ಹಳೆಯ ಭೂಮಿ ದಕ್ಕಿತು. ಉಳಿದವರು ಬೇರೆ ಧಣಿಗಳ ಕೆಳಗೆ ಗೇಣಿಗೆ ನಿಂತರು. ಮೂಲಗೇಣಿ ಸಿಕ್ಕಿದವರಿಗೆ ವಂಶಪಾರಂಪರ್ಯವಾಗಿ ಊರಿ ನಿಲ್ಲಲು ನೆಲವಾಯಿತು. ಚಾಲಗೇಣಿಯವರ ಬದುಕು ಧಣಿಯ ಮರ್ಜಿಯಲ್ಲಿತ್ತು.

ಇಗರ್ಜಿಗಳು ಮೊದಲು ಹುಲ್ಲಿನ ಮಾಡಿನಲ್ಲೇ ಮತ್ತೆ ಆರಂಭವಾದವು. ರೊಜಾರಿಯೊ 1813ರಲ್ಲಿ ಪುನಃ ನಿರ್ಮಾಣವಾಯಿತು. ಪಾದ್ರಿಗಳ ಕೊರತೆ, ಹಣದ ಕೊರತೆಗಳ ನಡುವೆಯೂ ಒಂದೊಂದೇ ಚರ್ಚು ಎದ್ದದ್ದು ಗುರಿಕಾರರ ಹಳೆಯ ವ್ಯವಸ್ಥೆ ಜನರ ನೆನಪಿನಲ್ಲಿ ಜೀವಂತವಾಗಿದ್ದ ಕಾರಣ. ಕಟ್ಟಡಗಳೆಲ್ಲ ಉರುಳಿದರೂ ಯಾವ ಮನೆ ಯಾವ ವಾಳೆಗೆ, ಯಾವ ವಾಳೆ ಯಾವ ಇಗರ್ಜಿಗೆ ಎಂಬುದನ್ನು ಯಾರೂ ಮರೆತಿರಲಿಲ್ಲ.

ಹಂಚಿನ ಮಾಡು ಬಂದದ್ದು ತಡವಾಗಿ. ಪ್ರೊಟೆಸ್ಟಂಟರ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಕೆಲವೇ ವರ್ಷಗಳಲ್ಲಿ ಕಥೋಲಿಕ ಉದ್ಯಮಿಗಳೂ ಆ ಕಸುಬಿಗೆ ಇಳಿದರು. ನೇತ್ರಾವತಿ, ಗುರುಪುರ ಹೊಳೆಗಳ ಆವೆಮಣ್ಣಿನಿಂದ ಸುಟ್ಟ ಕೆಂಪು ಹಂಚು, ಮುರಕಲ್ಲಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ, ಎದುರಿಗೆ ಪೋರ್ಚುಗೀಸ್ ಮಾದರಿಯ ಎತ್ತರದ ಮುಖಗೋಡೆ: ಕರಾವಳಿಯ ಚರ್ಚಿನ ಪರಿಚಿತ ರೂಪ ಹೀಗೆ ಮೂಡಿತು.

ಗೋವೆಯಿಂದ ಬಿಡುಗಡೆ, ಶಾಲೆಯ ಹಂಬಲ

1838ರಲ್ಲಿ ಪೋಪ್ 16ನೆಯ ಗ್ರೆಗರಿ ಭಾರತದಲ್ಲಿ ಪದ್ರೊವಾದೊ ಅಧಿಕಾರವನ್ನು ಮೊಟಕುಗೊಳಿಸಿದರು. ಮಂಗಳೂರು ಸೀಮೆ ಕೇರಳದ ವರಾಪುಳದ ಕಾರ್ಮೆಲೈಟ್ ಧರ್ಮಾಧ್ಯಕ್ಷರ ಕೆಳಗೆ ಬಂತು. ದೂರದ ವರಾಪುಳದಿಂದ ಆಡಳಿತ ಸಾಗದೆ 1845ರಲ್ಲಿ ಮಂಗಳೂರು ಪ್ರತ್ಯೇಕವಾಯಿತು. ಗೋವೆಯ ಪಾದ್ರಿಗಳ ಪರ, ರೋಮಿನ ಪಾದ್ರಿಗಳ ಪರ ಎಂದು ಒಂದೇ ಊರಿನ ಮನೆಗಳು ಎರಡಾದದ್ದೂ ಉಂಟು. ಈ ಬಿರುಕು ಶತಮಾನದ ಕೊನೆಯವರೆಗೂ ಉಳಿದು, ಬ್ರಹ್ಮಾವರ ಭಾಗದಲ್ಲಿ ಕೆಲವರು ಕಥೋಲಿಕ ಸಭೆಯನ್ನು ಬಿಟ್ಟು ಆರ್ಥೊಡಾಕ್ಸ್ ಸಭೆಯನ್ನು ಸೇರುವಲ್ಲಿಗೆ ಮುಟ್ಟಿತು.

ಈ ಹೊತ್ತಿಗೆ ಸಮುದಾಯದ ಬೇಡಿಕೆ ಬದಲಾಗಿತ್ತು. 1834ರಲ್ಲಿ ಬಂದ ಬಾಸೆಲ್ ಮಿಷನ್ ಶಾಲೆ, ಮುದ್ರಣಾಲಯಗಳನ್ನು ನಡೆಸುತ್ತಿತ್ತು. ಕಚೇರಿ ಕೆಲಸಕ್ಕೆ ಇಂಗ್ಲಿಷ್ ಬೇಕಿತ್ತು. ತಮ್ಮ ಮಕ್ಕಳಿಗೂ ಒಳ್ಳೆಯ ಶಾಲೆ ಬೇಕೆಂದು ಮಂಗಳೂರಿನ ಕಥೋಲಿಕರು ರೋಮಿಗೆ ಅರ್ಜಿ ಬರೆದರು. ಧರ್ಮಾಧ್ಯಕ್ಷ ಮರಿ ಎಫ್ರೆಮ್ ಅವರ ಪ್ರಯತ್ನದಿಂದ 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಧರ್ಮಭಗಿನಿಯರು ಬಂದು ಹುಡುಗಿಯರಿಗಾಗಿ ಸಂತ ಆನ್ಸ್ ಶಾಲೆ ತೆರೆದರು. 1878ರ ಡಿಸೆಂಬರ್ 31ರಂದು ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅದರ ಪ್ರಾರ್ಥನಾ ಮಂದಿರದ ಗೋಡೆ, ಒಳಮಾಡುಗಳನ್ನು ಇಟಲಿಯ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೇನಿ ಶತಮಾನದ ತಿರುವಿನಲ್ಲಿ ಚಿತ್ರಗಳಿಂದ ತುಂಬಿಸಿದರು. ಜೆಸ್ವಿಟರ ಮೊದಲ ತಂಡದಲ್ಲಿದ್ದ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡತೊಡಗಿದ್ದು, ಕಂಕನಾಡಿಯ ಕುಷ್ಠರೋಗಿಗಳ ಆಶ್ರಯವಾಗಿ, ಪ್ಲೇಗ್ ಆಸ್ಪತ್ರೆಯಾಗಿ, ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯಾಗಿ ಬೆಳೆಯಿತು. 1880ರ ದಶಕದಲ್ಲಿ ಮಂಗಳೂರು ಪೂರ್ಣಪ್ರಮಾಣದ ಧರ್ಮಪ್ರಾಂತ್ಯವಾಯಿತು. ನಿಕೊಲಾಸ್ ಪಗಾನಿ ಅದರ ಮೊದಲ ಬಿಷಪ್.

ಓದು ಬಂದ ಮೇಲೆ ಪುಸ್ತಕವೂ ಬೇಕಾಯಿತು. ಇಲ್ಲಿನ ಕಥೋಲಿಕರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ರೂಢಿ ಮಾಡಿಕೊಂಡರು. ಜೆಸ್ವಿಟ್ ಪಾದ್ರಿ ಆಂಜೆಲೊ ಮಾಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಹೊರತಂದರು. ಅವು ಅಚ್ಚಾದದ್ದು ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. 1882ರಲ್ಲೇ ಕೊಡಿಯಾಲ್‌ಬೈಲಿನಲ್ಲಿ ಚರ್ಚಿನದೇ ಮುದ್ರಣಾಲಯ ತೆರೆಯಿತು. 1912ರಲ್ಲಿ ಲುವಿಸ್ ಮಸ್ಕರೇನ್ಹಸ್ ‘ಕೊಂಕಣಿ ದಿರ್ವೆಂ’ ಪತ್ರಿಕೆ ಆರಂಭಿಸಿದರು. 1938ರಲ್ಲಿ ಧರ್ಮಪ್ರಾಂತ್ಯದ ವಾರಪತ್ರಿಕೆ ‘ರಾಕ್ಣೊ’ ಬಂತು.

ತೆನೆಯ ಹಬ್ಬ, ಸಾಂತ್ ಮಾರಿ

ಕೃಷಿಯಿಂದ ಬೆಳೆದ ಈ ಧರ್ಮಕೇಂದ್ರಗಳ ಗುರುತು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಎದ್ದು ಕಾಣುತ್ತದೆ. ಅಂದು ಮರಿಯಮ್ಮನವರ ಹುಟ್ಟುಹಬ್ಬ. ಕರಾವಳಿಯಲ್ಲಿ ಹೊಸ ಭತ್ತದ ತೆನೆ ಕಟ್ಟುವ ಕಾಲವೂ ಅದೇ. ಫರಂಗಿಪೇಟೆಯ ಮೊಂತೆ ಮರಿಯಾನೊ ಆಶ್ರಮದಲ್ಲಿ 18ನೆಯ ಶತಮಾನದಲ್ಲಿ ಇದು ತೊಡಗಿತೆಂದು ಹೇಳುತ್ತಾರೆ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ತೋಟದ ಹೂ, ಗುಡ್ಡದ ಹೂಗಳನ್ನು ತಂದು ಬಾಲ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿ ತೆನೆಗಳನ್ನು ಆಶೀರ್ವದಿಸಿ ಮನೆಗೊಂದಿಷ್ಟು ಹಂಚುತ್ತಾರೆ. ಮನೆಯ ಯಜಮಾನ ಅದರ ಕಾಳು ಸುಲಿದು, ಅರೆದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಕೊಡುತ್ತಾನೆ. ಮೀನಿಲ್ಲದೆ ಊಟವಿಲ್ಲವೆನ್ನುವ ಮನೆಗಳಲ್ಲೂ ಅಂದು ತರಕಾರಿಯೇ. ಪದಾರ್ಥಗಳ ಸಂಖ್ಯೆ ಮೂರು, ಐದು, ಏಳು ಹೀಗೆ ಬೆಸವಾಗಿರಬೇಕು. ತುಳುವರ ಕುರಲ್ ಹಬ್ಬ, ಗೋವೆಯ ಹೊಸ ಬೆಳೆಯ ಹಬ್ಬಗಳೆರಡರ ನೆಂಟಸ್ತಿಕೆ ಇದರಲ್ಲಿದೆ.

ಅತ್ತೂರಿನ ಸಾಂತ್ ಮಾರಿ ಇನ್ನೊಂದು ಬಗೆಯದು. ಜನವರಿಯ ಕೊನೆಗೆ ಹಲವು ದಿನ ನಡೆಯುವ ಈ ಜಾತ್ರೆಗೆ ಎಲ್ಲ ಜಾತಿ ಮತದವರೂ ಹರಕೆ ಹೊತ್ತು ಬರುತ್ತಾರೆ, ಸಂತ ಲಾರೆನ್ಸರ ಪ್ರತಿಮೆಗೆ ಮೇಣದ ಬತ್ತಿ ಹಚ್ಚುತ್ತಾರೆ. 2016ರಲ್ಲಿ ಈ ಚರ್ಚಿಗೆ ಬೆಸಿಲಿಕದ ಪದವಿ ದೊರೆಯಿತು.

ಕವಲೊಡೆದ ಧರ್ಮಕೇಂದ್ರಗಳು

ಜನ ಹೆಚ್ಚಿದಂತೆ ಹಳೆಯ ಧರ್ಮಕೇಂದ್ರಗಳು ಕವಲೊಡೆದವು. ಕುಲಶೇಖರ, ಬೆಂದೂರು, ಉರ್ವ ಮೊದಲಾದ ಕಡೆಗಳಲ್ಲಿ ಹೊಸ ಚರ್ಚುಗಳು ಬಂದವು. ಕವಲೊಡೆಯುವ ಕ್ರಮ ಹೆಚ್ಚುಕಡಿಮೆ ಒಂದೇ: ದೂರದ ವಾಳೆಗಳವರು ಮಳೆಗಾಲದ ಕಷ್ಟ ಹೇಳಿ ಬಿಷಪರಿಗೆ ಮನವಿ ಕೊಡುವುದು, ಯಾರೋ ಒಬ್ಬರು ಜಾಗ ಬಿಟ್ಟುಕೊಡುವುದು, ಊರವರು ಕಲ್ಲು ಮರ ಹೊರುವುದು, ಮೊದಲು ಶಾಲೆ, ಆಮೇಲೆ ಚರ್ಚು. ಈ ಕಾರಣದಿಂದಲೇ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಎಲ್ಲ ಸಮುದಾಯದ ಮಕ್ಕಳೂ ಅಕ್ಷರ ಕಲಿತದ್ದು ಇಗರ್ಜಿಯ ಅಂಗಳದ ಕನ್ನಡ ಶಾಲೆಯಲ್ಲಿ.

20ನೆಯ ಶತಮಾನ ಈ ರೈತ ಸಮುದಾಯವನ್ನು ಬದಲಿಸಿತು. ಓದಿದವರು ಮುಂಬಯಿಗೆ ಹೋದರು, ಕೆಲವರು ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಹತ್ತಿದರು, 1970ರ ದಶಕದಿಂದ ಗಲ್ಫ್ ದೇಶಗಳಿಗೆ ಹಾರಿದರು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರಾಗಿದ್ದವರು ಉಳುವ ನೆಲದ ಒಡೆಯರಾದರೆ, ಧಣಿಗಳಾಗಿದ್ದ ಕ್ರೈಸ್ತ ಮನೆತನಗಳು ಭೂಮಿ ಕಳೆದುಕೊಂಡವು. ಅಕ್ಕಿ ಕಾಯಿಗಳ ಮೇಲೆ ನಿಂತಿದ್ದ ಇಗರ್ಜಿಯ ಆದಾಯ ಸಂಬಳ, ಪರದೇಶದ ದುಡಿಮೆಗಳ ಕಾಣಿಕೆಗೆ ತಿರುಗಿತು.

1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆ ಲ್ಯಾಟಿನ್ ಬಿಟ್ಟು ಕೊಂಕಣಿ, ಕನ್ನಡಗಳಿಗೆ ಬಂತು. ಪಾದ್ರಿ ಬಲಿಪೀಠದ ಆಚೆ ನಿಂತು ಜನರಿಗೆ ಮುಖ ಮಾಡಿದರು. ಆಡಳಿತದಲ್ಲಿ ಧರ್ಮಗುರುಗಳ ಜತೆ ಪಾಲನಾ ಪರಿಷತ್ತು ಕೂರುವಂತಾಯಿತು. ಅದಕ್ಕೆ ಉಪಾಧ್ಯಕ್ಷರು, ಕಾರ್ಯದರ್ಶಿಗಳು ಜನಸಾಮಾನ್ಯರಿಂದಲೇ ಆರಿಸಿ ಬರುತ್ತಾರೆ. ಹಿಂದೆ ಗಂಡಸರ ಪಾಲಾಗಿದ್ದ ಗುರಿಕಾರರ ಸ್ಥಾನಕ್ಕೆ ಈಗ ಹೆಂಗಸರೂ ಬರುತ್ತಾರೆ. 2012ರಲ್ಲಿ ಮಂಗಳೂರು ಧರ್ಮಪ್ರಾಂತ್ಯದಿಂದ ಉಡುಪಿ ಬೇರೆಯಾದಾಗ, ಕೆಳದಿಯ ಒಪ್ಪಂದದಲ್ಲಿ ಹೆಸರು ಬಂದಿದ್ದ ಕಲ್ಯಾಣಪುರದ ಮಿಲಾಗ್ರಿಸ್ ಹೊಸ ಧರ್ಮಪ್ರಾಂತ್ಯದ ಪ್ರಧಾನ ಚರ್ಚಾಯಿತು. ಎರಡೂ ಧರ್ಮಪ್ರಾಂತ್ಯಗಳಲ್ಲಿ ಧರ್ಮಕೇಂದ್ರದ ತಳಹದಿ ಇಂದಿಗೂ ವಾಳೆಯೇ.